ಬೇಲಿ ಪಕ್ಕದ ಯುದ್ಧ ಸ್ಮಾರಕ

ಕೋಲಾರದ ಕಡೆ ಬಂದಾಗ ಹೊಲದ ಬದುವಿನಲ್ಲಿ ಕತ್ತಿ ಹಿಡಿದ ಮನುಷ್ಯನ ಕಲ್ಲು ನೋಡಿ, ಇದು ಯಾವ ದೇವರು ಅಂತ ಕೇಳಿದಿರಲ್ಲ. ಅದು ವೀರಗಲ್ಲು, ಹೋರಾಡಿ ಸತ್ತವನ ನೆನಪಿಗೆ ನೆಟ್ಟ ಕಲ್ಲು. ನಮ್ಮ ಕಡೆಯ ಯುದ್ಧ ಸ್ಮಾರಕ ಅಂದರೆ ಅದೇ. ಅರಿಶಿನ, ಕುಂಕುಮ ಮೆತ್ತಿದ್ದರೆ ದೇವರು ಅಂತ ಅನ್ನಿಸುವುದು ಸಹಜ ಬಿಡಿ. ಹೆಸರು ಮರೆತುಹೋದ ಮೇಲೆ ಎಷ್ಟೋ ಊರುಗಳಲ್ಲಿ ಸತ್ತವನೇ ದೇವರಾಗಿದ್ದಾನೆ. ಗಡಿ ದಾಟಿ ಕೃಷ್ಣಗಿರಿಗೆ ಹೋದರೆ ಇಂಥ ಕಲ್ಲಿಗೆ ನಡುಕಲ್ ಅನ್ನುತ್ತಾರೆ. ಅಲ್ಲಿ ವೇಡಿಯಪ್ಪನ್ ಅಂತ ಪೂಜೆ.

ಸಾವಿರ ವರ್ಷದ ಹಿಂದೆಯೂ ಇದು ಗಡಿಯೇ. ಗಂಗರು, ಬಾಣರು, ನೊಳಂಬರು, ಆಮೇಲೆ ಚೋಳರು, ಎಲ್ಲರಿಗೂ ಈ ನೆಲ ಬೇಕಿತ್ತು. ಆದರೆ ಕಲ್ಲಿನ ಮೇಲೆ ರಾಜನಿಗೆ ಸಿಗುವುದು ಮೊದಲ ಸಾಲು ಮಾತ್ರ, 'ಸ್ವಸ್ತಿ ಶ್ರೀ' ಅಂತ ಶುರುವಾಗಿ ಇಂಥವನು ಆಳುವಾಗ ಅನ್ನುವಷ್ಟು. ಅಂದರೆ ಅವನು ಬರೀ ಕ್ಯಾಲೆಂಡರ್! ಉಳಿದದ್ದೆಲ್ಲ ಊರಿನವನ ಕಥೆ. 'ತುರು' ಅನ್ನುವ ಪದ ಹುಡುಕಿ. ತುರು ಅಂದರೆ ದನ. ಪಕ್ಕದ ನಾಡಿನವರು ಮಂದೆ ಹೊಡೆದುಕೊಂಡು ಹೋದರೆ ಅದೇ ಯುದ್ಧ. ಇವನು ಬೆನ್ನಟ್ಟಿ, ದನ ಬಿಡಿಸಿ, ಸತ್ತ. 'ಊರಳಿವು' ಅಂತಿದ್ದರೆ ಊರಿಗೇ ದಾಳಿಯಾಗಿತ್ತು ಅಂತ. 'ಪೆಣ್ಬುಯ್ಯಲ್' ಅಂದರೆ ಹೆಂಗಸರ ಮೇಲೆ ಕೈ ಹಾಕಿದಾಗ ಎದ್ದ ಕೂಗು. ಆ ಪದ ಓದಿದಾಗ ನನಗೆ ಈಗಲೂ ಜುಮ್ ಅನ್ನುತ್ತದೆ.

ಕೆಲವು ಕಲ್ಲುಗಳಲ್ಲಿ 'ಕಲ್ನಾಡು' ಅಂತ ಬರುತ್ತದೆ. ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ ಅದು, ಪಿಂಚಣಿ ಇದ್ದ ಹಾಗೆ. ಅದಕ್ಕೊಂದು ಕಾವಲೂ ಇರುತ್ತದೆ: ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ. ದನಕ್ಕಾಗಿ ಸತ್ತವನ ಕಲ್ಲಿಗೆ ದನದ್ದೇ ಆಣೆ, ಸರಿಯಾಗಿದೆ ಅಲ್ವಾ?

ಇನ್ನೊಂದು ತಮಾಷೆ. ನಮ್ಮಲ್ಲಿ ಮನೆಮಾತು ತೆಲುಗು ಇರುವವರೇ ಜಾಸ್ತಿ. ಅವರು ದಿನಾ ದಾಟಿ ಹೋಗುವ ಕಲ್ಲಿನ ಮೇಲೆ ಹಳಗನ್ನಡ. ಚೋಳರ ಕಾಲದ ಶಾಸನಗಳಲ್ಲಿ ತಮಿಳು. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಇವನ್ನೆಲ್ಲ ಓದಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನಗಳ ಪುಸ್ತಕಮಾಲೆಯ 10ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅದನ್ನು ಜೊತೆಗಿಟ್ಟುಕೊಂಡು ಬನ್ನಿ.

ಮಧ್ಯಾಹ್ನ ಮಾತ್ರ ಬರಬೇಡಿ. ನೆತ್ತಿ ಬಿಸಿಲಲ್ಲಿ ಒಂದಕ್ಷರವೂ ಕಾಣುವುದಿಲ್ಲ. ಬೆಳಗಿನ ಓರೆ ಬಿಸಿಲಲ್ಲಿ ಅಕ್ಷರಗಳು ಎದ್ದು ಕೂರುತ್ತವೆ. ಯಾರಾದರೂ ಭಕ್ತಿಯಿಂದ ಪೇಂಟ್ ಬಳಿದಿದ್ದರೆ, ಸುಮ್ನೆ ಕೈಮುಗಿದು ಮುಂದಿನ ಊರಿಗೆ ಹೋಗಿ.