ಹಳೆಯ ಜಿಪ್ಸಿಗೆ ಯಾವ ಅಲಾಯ್ ಚಕ್ರ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ 1998ರ ಮಾರುತಿ ಜಿಪ್ಸಿ ಕಿಂಗ್ ಇದೆ. ಅದರ ಕಬ್ಬಿಣದ ರಿಮ್‌ಗಳು ತುಕ್ಕು ಹಿಡಿದು, ಅಂಚು ಸೊಟ್ಟಗಾಗಿವೆ. ಅಲಾಯ್ ಚಕ್ರ ಹಾಕಿಸಬೇಕೆಂದಿದ್ದೇನೆ. ಒಂದು ಅಂಗಡಿಯವರು ಮಾರುತಿಯದೇ ಹೊಸ ಗಾಡಿಯಾದ ಜಿಮ್ನಿಯಿಂದ ಬಿಚ್ಚಿದ ಸೆಟ್ ತೋರಿಸಿದರು. ಇನ್ನೊಬ್ಬರು ಏಳು ಇಂಚು ಅಗಲದ, ಹೊರಕ್ಕೆ ಚಾಚುವ ಚಕ್ರಕ್ಕೆ 235/75 ಆರ್15 ಟೈರ್ ಹಾಕಿದರೆ ಗಾಡಿ ಗಟ್ಟಿಯಾಗಿ ನಿಲ್ಲುತ್ತದೆ ಎನ್ನುತ್ತಾರೆ. ಯಾವುದನ್ನು ಆರಿಸಲಿ?
– ಓದುಗರು, ಮೂಡಿಗೆರೆ

ಉತ್ತರ: ಕೆಳಗೆ ಹೇಳುವ ಅಳತೆಗಳು ಕೂಡಿಬಂದರೆ ಜಿಮ್ನಿಯ ಸೆಟ್ಟನ್ನೇ ಕೊಳ್ಳಿ, ಎರಡನೆಯ ಸಲಹೆಯನ್ನು ದಯವಿಟ್ಟು ಕೈಬಿಡಿ. ಚಕ್ರದ ವಿನ್ಯಾಸವನ್ನು ಮೊದಲು ಮೆಚ್ಚಿ ಆಮೇಲೆ ಅದನ್ನು ಗಾಡಿಗೆ ಹೊಂದಿಸಲು ಹೊರಡುವವರೇ ಹೆಚ್ಚು. ಹಳೆಯ ಗಾಡಿಯಲ್ಲಿ ಆಯ್ಕೆ ಹಬ್‌ನಿಂದ, ಅಂದರೆ ಚಕ್ರ ಬಂದು ಕೂರುವ ಆಕ್ಸಲ್ ತುದಿಯ ಭಾಗದಿಂದ ಆರಂಭವಾಗಬೇಕು.

ಜಿಪ್ಸಿಯ ಹಬ್‌ನಲ್ಲಿ ನಟ್ ಬಿಗಿಸುವ ಐದು ಸ್ಟಡ್‌ಗಳು, ಅಂದರೆ ಹೊರಚಾಚಿದ ಬೋಲ್ಟ್‌ಗಳಿವೆ. ಅವುಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸವನ್ನೇ ಪಿಸಿಡಿ ಎನ್ನುತ್ತಾರೆ. ಜಿಪ್ಸಿಯಲ್ಲಿ ಅದು 139.7 ಮಿ.ಮೀ., ಅಂದರೆ ಐದೂವರೆ ಇಂಚು. ಐದು ತೂತುಗಳ ಚಕ್ರದಲ್ಲಿ ಒಂದು ತೂತಿನ ಎದುರಿಗೆ ಇನ್ನೊಂದು ತೂತು ಇರುವುದಿಲ್ಲವಾದ್ದರಿಂದ ಟೇಪನ್ನು ಅಡ್ಡ ಹಿಡಿದು ನೇರವಾಗಿ ಅಳೆಯಲಾಗದು. ಅಕ್ಕಪಕ್ಕದ ಎರಡು ತೂತುಗಳ ನಡುಬಿಂದುಗಳ ಅಂತರವನ್ನು ಅಳೆದು 1.701ರಿಂದ ಗುಣಿಸಿ, ಅಂತರ 82.1 ಮಿ.ಮೀ. ಬಂದರೆ ಪಿಸಿಡಿ ಸರಿಯಾಗಿದೆ. ಚಕ್ರದ ನಡುವಿನ ರಂಧ್ರ ಸುಮಾರು 108 ಮಿ.ಮೀ. ಇರಬೇಕು, ಏಕೆಂದರೆ ಮುಂದಿನ ಹಬ್ ಅದರೊಳಗಿಂದ ಹೊರಕ್ಕೆ ಬರುತ್ತದೆ. ಇದಕ್ಕಿಂತ ಚಿಕ್ಕ ರಂಧ್ರದ ಚಕ್ರವನ್ನು ಕಡಸಲು ಯಂತ್ರದಲ್ಲಿ ಕೊರೆಸಿ ದೊಡ್ಡದು ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ; ಒಪ್ಪಬೇಡಿ, ಹಾಗೆ ತೆಗೆಯುವ ಲೋಹ ಚಕ್ರದ ಬಲವಿರುವ ಜಾಗದ್ದು.

ಜಿಮ್ನಿಯ ಚಕ್ರದ ಪಿಸಿಡಿಯೂ ನಡುವಿನ ರಂಧ್ರವೂ ಇವೇ ಆಗಿರುವುದರಿಂದ ಆ ಸೆಟ್ ಪರಿಶೀಲನೆಗೆ ಯೋಗ್ಯವಾಗಿದೆ. ಅದು 15 ಇಂಚು ವ್ಯಾಸದ, ಐದೂವರೆ ಇಂಚು ಅಗಲದ ಚಕ್ರ, ಆಫ್‌ಸೆಟ್ +5. ಚಕ್ರದ ಅಗಲದ ನಡುಗೆರೆಯಿಂದ ಹಬ್‌ಗೆ ಒತ್ತಿ ಕೂರುವ ಮುಖ ಎಷ್ಟು ಮಿ.ಮೀ. ದೂರದಲ್ಲಿದೆ ಎಂಬುದೇ ಆಫ್‌ಸೆಟ್. ಈ ಸಂಖ್ಯೆ ಹೆಚ್ಚಿದಷ್ಟೂ ಚಕ್ರ ಗಾಡಿಯ ಒಳಕ್ಕೆ ಸರಿಯುತ್ತದೆ, ಸೊನ್ನೆಗಿಂತ ಕೆಳಗಿಳಿದಷ್ಟೂ ಹೊರಕ್ಕೆ ಬರುತ್ತದೆ. ಜಪಾನಿನ 660 ಸಿಸಿ ಜಿಮ್ನಿಯ 16 ಇಂಚಿನ ಚಕ್ರಕ್ಕೂ ಇದೇ ಪಿಸಿಡಿ, ಇದೇ ಅಗಲ ಇದ್ದರೂ ಆಫ್‌ಸೆಟ್ +22 ಇದೆ; ಅಂದರೆ ಅದು 17 ಮಿ.ಮೀ. ಒಳಗೆ ಕೂರುತ್ತದೆ. ಆದ್ದರಿಂದ ‘ಜಿಮ್ನಿ ಚಕ್ರ’ ಎಂಬ ಹೆಸರೊಂದನ್ನೇ ನಂಬದೆ, ಚಕ್ರದ ಹಿಂಬದಿಯಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದಿ.

ನಿಮ್ಮ ಮೂಲ ಚಕ್ರದ ಅಳತೆಯನ್ನೂ ತೆಗೆದಿಟ್ಟುಕೊಳ್ಳಿ. ಟೈರ್ ಬಿಚ್ಚಿದ, ಅಂಚು ಸೊಟ್ಟಗಾಗದ ಒಂದು ರಿಮ್ಮನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಮೇಲಿನ ಅಂಚಿನ ಮೇಲೆ ನೇರವಾದ ಪಟ್ಟಿಯನ್ನು ಅಡ್ಡ ಇಟ್ಟು, ಅಲ್ಲಿಂದ ಹಬ್ ಕೂರುವ ಮುಖದವರೆಗಿನ ಆಳವನ್ನು ಅಳೆಯಿರಿ. ಹೊಸ ಚಕ್ರದಲ್ಲಿಯೂ ಹೀಗೆಯೇ ಅಳೆದಾಗ ಆಳ ಹೆಚ್ಚಿದ್ದರೆ, ಹೆಚ್ಚಿದ ಅಷ್ಟು ಮಿ.ಮೀ. ರಿಮ್ ಲೀಫ್ ಸ್ಪ್ರಿಂಗ್‌ನ ಕಡೆಗೆ ಹೋಗುತ್ತದೆ ಎಂದರ್ಥ. ಜಿಪ್ಸಿಯಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಟೈರ್ ಮೊದಲು ಉಜ್ಜುವುದು ಅಲ್ಲಿಯೇ.

ಈಗ ಏಳು ಇಂಚಿನ ಚಕ್ರದ ಮಾತು. ಆಫ್‌ಸೆಟ್ ಸೊನ್ನೆ ಇರುವ ಏಳು ಇಂಚಿನ ಚಕ್ರದ ಹೊರ ಅಂಚು ಜಿಮ್ನಿಯ ಚಕ್ರಕ್ಕಿಂತ ಸುಮಾರು 24 ಮಿ.ಮೀ. ಹೊರಗಿರುತ್ತದೆ, ಆಫ್‌ಸೆಟ್ –15 ಆದರೆ 39 ಮಿ.ಮೀ. ಹೊರಗೆ. ಚಕ್ರಗಳ ನಡುವಿನ ಅಂತರ ಹೆಚ್ಚಿದಾಗ ಗಾಡಿ ವಾಲುವುದು ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಚಕ್ರ ಹೊರಕ್ಕೆ ಹೋದಷ್ಟೂ ಪ್ರತಿ ಕಲ್ಲಿನ ಪೆಟ್ಟು ಉದ್ದದ ಸನ್ನೆಕೋಲಿನಂತೆ ವೀಲ್ ಬೇರಿಂಗನ್ನೂ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್‌ನ ಬೇರಿಂಗನ್ನೂ ಮೀಟುತ್ತದೆ. ಇಪ್ಪತ್ತೈದು ವರ್ಷ ದಾಟಿದ ಜಿಪ್ಸಿಯಲ್ಲಿ ಕಿಂಗ್‌ಪಿನ್ ಬೇರಿಂಗ್ ಸವೆದು, ಹಳ್ಳ ದಾಟಿದೊಡನೆ ಸ್ಟೇರಿಂಗ್ ಗಡಗಡ ಅದುರುವ ತೊಂದರೆ ಮೊದಲೇ ಸಾಮಾನ್ಯ. ಅದನ್ನು ದುರಸ್ತಿ ಮಾಡಿಸದೆ ಅಗಲದ ಚಕ್ರ ಹಾಕಿದರೆ ಅದುರುವಿಕೆ ಇನ್ನಷ್ಟು ಹೆಚ್ಚುತ್ತದೆ. ಅಲಾಯ್‌ಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಮೊದಲು ಈ ಬೇರಿಂಗ್‌ಗಳಿಗೆ ಖರ್ಚು ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ. ನಿಮ್ಮ ಗಾಡಿ ಹೇಗೂ ಅಗಲ ಟ್ರ್ಯಾಕಿನದು, ಅಂದರೆ ಎಡ-ಬಲ ಚಕ್ರಗಳ ನಡುವಿನ ಅಂತರ ಹೆಚ್ಚಿರುವಂಥದು; 1993ರಲ್ಲಿ ಮಾರುತಿ ಕಂಪನಿಯೇ ಜಿಪ್ಸಿಯ ಟ್ರ್ಯಾಕನ್ನು 90 ಮಿ.ಮೀ. ಹೆಚ್ಚಿಸಿ, ಅದಕ್ಕೆ ತಕ್ಕಂತೆ ಮಡ್‌ಗಾರ್ಡನ್ನೂ ಅಗಲ ಮಾಡಿತ್ತು.

ಟೈರಿನ ಲೆಕ್ಕವನ್ನೂ ನೋಡಿ. ಮೂಲದ 205/70 ಆರ್15 ಟೈರಿನ ಎತ್ತರ 668 ಮಿ.ಮೀ.; ಜಿಮ್ನಿಯ 195/80 ಆರ್15ರದು 693; ನಿಮಗೆ ಹೇಳಿರುವ 235/75 ಆರ್15ರದು ಸುಮಾರು 734. ಈ ಕೊನೆಯದನ್ನು ಹಾಕಿದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಸುಮಾರು 66 ಕಿ.ಮೀ. ವೇಗದಲ್ಲಿರುತ್ತದೆ, ಮತ್ತು ಸುಮಾರು 60 ಅಶ್ವಶಕ್ತಿಯ 1.3 ಲೀಟರ್ ಎಂಜಿನ್ ತೋಟದ ಏರಿನಲ್ಲಿ ಪ್ರತಿ ಗೇರಿನಲ್ಲೂ ಏದುಸಿರು ಬಿಡುತ್ತದೆ. ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧವಿದೆ. 2019ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಹದಿನೈದು ವರ್ಷ ದಾಟಿದ ನಿಮ್ಮ ಗಾಡಿ ನೋಂದಣಿ ನವೀಕರಣಕ್ಕಾಗಿ ಆರ್‌ಟಿಒ ತಪಾಸಣೆಗೆ ಹೋಗಲೇಬೇಕಾಗುವುದರಿಂದ, ಮಡ್‌ಗಾರ್ಡ್ ದಾಟಿ ಹೊರಬಂದ ಟೈರ್ ಅಲ್ಲಿಯೂ ತೊಡಕಾಗುತ್ತದೆ. ನೀವು 205/70 ಟೈರಿನಲ್ಲಿಯೇ ಉಳಿಯುವುದು ಉತ್ತಮ. ಐದರಿಂದ ಏಳು ಇಂಚು ಅಗಲದ ರಿಮ್‌ಗೆ ಅದು ಹೊಂದುತ್ತದೆ.

ನಟ್‌ಗಳನ್ನು ಯಾರೂ ಕೇಳುವುದಿಲ್ಲ, ಅನಾಹುತ ಹೆಚ್ಚಾಗಿ ಅಲ್ಲಿಯೇ ಹುಟ್ಟುತ್ತದೆ. ಜಿಪ್ಸಿಯ ಸ್ಟಡ್ 12 ಮಿ.ಮೀ. ದಪ್ಪದ್ದು, ಅದರ ಮರೆ (ತಿರುಪಿನ ಥ್ರೆಡ್) 1.25 ಮಿ.ಮೀ. ಅಂತರದ್ದು. ಟೊಯೋಟಾದಂಥ ಗಾಡಿಗಳ 1.5 ಅಂತರದ ನಟ್ ಒಂದೆರಡು ಸುತ್ತು ಹಿಡಿದಂತೆ ಕಂಡರೂ ಮರೆಯನ್ನು ಕೆಡಿಸುತ್ತದೆ. ನಟ್‌ನ ಕೂರುವ ಮುಖ ಚಕ್ರದ ತೂತಿನ ಇಳಿಜಾರಿಗೆ ಸರಿಹೊಂದಬೇಕು. ಶಂಕುವಿನಾಕಾರದ ತೂತಿಗೆ ಚಪ್ಪಟೆ ವಾಷರಿನ ನಟ್ ಸಲ್ಲದು. ಅಲಾಯ್‌ನ ತಟ್ಟೆ ಕಬ್ಬಿಣದ್ದಕ್ಕಿಂತ ದಪ್ಪವಿರುವುದರಿಂದ ನಟ್ ಎಷ್ಟು ಸುತ್ತು ಹಿಡಿಯುತ್ತದೆ ಎಂದು ಎಣಿಸಿ. ಹತ್ತಕ್ಕಿಂತ ಕಡಿಮೆಯಾದರೆ ಉದ್ದದ ಸ್ಟಡ್ ಹಾಕಿಸಬೇಕು. ಕೂರಿಸುವ ಮೊದಲು ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಪೂರ್ತಿ ತೆಗೆಸಿ, ಟಾರ್ಕ್ ರೆಂಚ್‌ನಿಂದ ಬಿಗಿಸಿ, ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ.

ಹಣ ಕೊಡುವ ಮುನ್ನ ಒಂದು ಚಕ್ರವನ್ನು ಮುಂದಿನ ಹಬ್‌ಗೆ ಹಾಕಿ ಕೈಯಿಂದ ಸುತ್ತಿಸಿ, ಬ್ರೇಕ್ ಕ್ಯಾಲಿಪರ್‌ಗೆ ತಾಗುತ್ತದೆಯೇ ನೋಡಿ. ಆಮೇಲೆ ಟೈರ್ ಸಮೇತ ಹಾಕಿ, ಆ ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ, ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ಚಕ್ರದ ಮೇಲೆ ಅಚ್ಚಾಗಿರುವ ಗರಿಷ್ಠ ಭಾರದ ಅಂಕಿ, ತುಂಬಿದ ಗಾಡಿಯ ಹಿಂದಿನ ಆಕ್ಸಲ್ ಭಾರದ ಅರ್ಧಕ್ಕಿಂತ ಹೆಚ್ಚಿರಬೇಕು. ಸ್ಟೆಪ್ನಿಗೂ ಸೇರಿಸಿ ಐದು ಕೊಳ್ಳಿ.

ಪ್ರಶ್ನೆ: ನನ್ನ ಹಳೆಯ ಮಹೀಂದ್ರ ಜೀಪಿನ ಪಿಸಿಡಿ 139.7. ಫಾರ್ಚ್ಯೂನರ್ ಚಕ್ರದ್ದೂ ಅಷ್ಟೇ. ಹಾಕಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸಾಧ್ಯವಿಲ್ಲ. ವೃತ್ತ ಒಂದೇ ಆದರೂ ನಿಮ್ಮ ಜೀಪಿಗೆ ಐದು ಸ್ಟಡ್, ಫಾರ್ಚ್ಯೂನರ್‌ಗೆ ಆರು. ನಡುವೆ ಅಡಾಪ್ಟರ್ ತಟ್ಟೆ ಹಾಕಿದರೆ ಅದರ ದಪ್ಪದಷ್ಟು ಚಕ್ರ ಹೊರಕ್ಕೆ ಹೋಗುತ್ತದೆ, ಬಿಗಿ ನೋಡಬೇಕಾದ ನಟ್‌ಗಳೂ ಎರಡು ಸಾಲಾಗುತ್ತವೆ, ಮತ್ತು ಒಳಸಾಲಿನ ನಟ್ ಸಡಿಲವಾದರೆ ಹೊರಗಿನಿಂದ ಕಾಣುವುದಿಲ್ಲ. ಐದು ತೂತಿನದನ್ನೇ ಹುಡುಕಿ.

ಪ್ರಶ್ನೆ: ಬಿರುಕು ಬಿಟ್ಟ ಅಲಾಯನ್ನು ವೆಲ್ಡ್ ಮಾಡಿಸಿ ಕಾಡುದಾರಿಗೆ ಬಳಸಬಹುದೇ?
– ಓದುಗರು, ಮಂಗಳೂರು

ಉತ್ತರ: ಬಳಸಬೇಡಿ. ಎರಕದ ಅಲಾಯ್ ಚಕ್ರಕ್ಕೆ ಗಟ್ಟಿತನ ಬರುವುದು ಎರಕದ ನಂತರ ಕೊಡುವ ಉಷ್ಣೋಪಚಾರದಿಂದ. ವೆಲ್ಡಿಂಗ್‌ನ ಬಿಸಿಗೆ ಬೆಸುಗೆಯ ಸುತ್ತ ಆ ಗಟ್ಟಿತನ ಹೊರಟುಹೋಗಿ, ಮುಂದಿನ ಬಿರುಕು ಅದರ ಪಕ್ಕದಲ್ಲಿಯೇ ಹುಟ್ಟುತ್ತದೆ. ಬಂಡೆಗಳ ದಾರಿಯಲ್ಲಿಯೇ ಹೆಚ್ಚು ಓಡಾಡುವವರಿಗೆ ಕಬ್ಬಿಣದ ರಿಮ್ ಇಂದಿಗೂ ಒಳ್ಳೆಯ ಆಯ್ಕೆ, ಏಕೆಂದರೆ ಪೆಟ್ಟಿಗೆ ಅದು ಬಾಗುತ್ತದೆ, ಅಂಚನ್ನು ಸುತ್ತಿಗೆಯಿಂದ ತಕ್ಕಮಟ್ಟಿಗೆ ನೇರಮಾಡಿಕೊಂಡು ಊರು ಸೇರಬಹುದು.