ಮಕ್ಕಳ ಬೇಸಿಗೆ ಕೋಡಿಂಗ್ ಕ್ಯಾಂಪ್‌ನಲ್ಲಿ ಅಡ್ಮಿನ್ ಇಂಟರ್ನ್ ಆಗಿ ಸೇರಬಹುದಾ? ಅಲ್ಲಿ ನಿಜವಾಗಿ ಏನು ಕೆಲಸ ಇರುತ್ತೆ?

ಸೇರಬಹುದು. ಕೋಡಿಂಗ್ ಬರದಿದ್ದರೂ ನಡೆಯುತ್ತದೆ. ಆದರೆ ಯಾವ ಕೆಲಸಕ್ಕೆ ಹೋಗುತ್ತಿದ್ದೀರಿ ಅಂತ ತಿಳಿದುಕೊಂಡು ಹೋಗಿ.

ನೀವು ಬಿಬಿಎ ಎರಡನೇ ವರ್ಷ ಓದುತ್ತಿದ್ದೀರಿ. ಮೈಸೂರಿನಲ್ಲಿ ಮಕ್ಕಳಿಗೆ ರಜೆಯಲ್ಲಿ ಕೋಡಿಂಗ್ ಕಲಿಸುವ ಒಂದು ಸಂಸ್ಥೆ ಅಡ್ಮಿನ್ ಇಂಟರ್ನ್ ಬೇಕು ಅಂದಿದೆ. ಏನಾದರೂ ಕಲಿಯಬಹುದಾ ಅಥವಾ ಸುಮ್ನೆ ಫೋನ್ ಎತ್ತಿಸಿ, ಜೆರಾಕ್ಸ್ ಮಾಡಿಸಿ ಕಳಿಸುತ್ತಾರಾ ಅನ್ನೋದು ನಿಮ್ಮ ಅನುಮಾನ, ಅಲ್ವಾ? ನಾನು ಡಿಗ್ರಿಯಲ್ಲಿದ್ದಾಗ ಮೈಸೂರಿನಲ್ಲೇ ಇಂಥ ಒಂದು ಕ್ಯಾಂಪ್‌ನಲ್ಲಿ ಇದೇ ಕೆಲಸ ಮಾಡಿದ್ದೆ. ಆಮೇಲೆ ಬೆಂಗಳೂರಿನಲ್ಲಿ ಇಂಟರ್ನ್‌ಗಳನ್ನು ಆರಿಸುವ ಕಡೆಯೂ ಕೂತಿದ್ದೇನೆ. ಫೋನೂ ಎತ್ತಬೇಕು, ಜೆರಾಕ್ಸೂ ಮಾಡಿಸಬೇಕು. ಅದರ ಜೊತೆಗೆ ಇನ್ನೂ ಏನಿರುತ್ತದೆ ಅಂತ ಹೇಳುತ್ತೇನೆ.

ಕ್ಯಾಂಪ್ ಏಪ್ರಿಲ್‌ನಲ್ಲಿ ಶುರುವಾದರೂ ಅಡ್ಮಿನ್ ಕೆಲಸ ಮಾರ್ಚ್‌ನಲ್ಲೇ ಶುರು. ಮೊದಲು ಬರುವುದು ಎನ್‌ಕ್ವೈರಿ ಕಾಲ್. ಫೋನಿನಲ್ಲಿ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಮಗ ಮೂರನೇ ಕ್ಲಾಸು, ಪೈಥಾನ್ ಕಲಿಸ್ತೀರಾ?" "ಎಐ ಇದೆಯಾ?" "ಕೊನೆಗೆ ಆ್ಯಪ್ ಮಾಡ್ತಾನಾ?" ಇಲ್ಲಿ ನಿಮಗೆ ಕೋಡಿಂಗ್ ಬರಬೇಕಿಲ್ಲ, ಆದರೆ ಯಾವ ವಯಸ್ಸಿಗೆ ಯಾವುದು ಅಂತ ಗೊತ್ತಿರಬೇಕು. ಸ್ಕ್ರ್ಯಾಚ್ ಅನ್ನೋದು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನವರು 2007ರಲ್ಲಿ ಬಿಡುಗಡೆ ಮಾಡಿದ ಕೋಡಿಂಗ್ ಭಾಷೆ, 8ರಿಂದ 16 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಬಣ್ಣದ ಬ್ಲಾಕ್‌ಗಳನ್ನು ಎಳೆದು ಜೋಡಿಸುವುದಷ್ಟೇ, ಟೈಪ್ ಮಾಡುವುದು ತುಂಬಾ ಕಡಿಮೆ. ಪೈಥಾನ್ ಬರೆದು ಮಾಡುವ ಕೋಡಿಂಗ್ ಭಾಷೆ, ಅದಕ್ಕೆ ಟೈಪಿಂಗ್ ಬೇಕು, ಒಂದು ಕೋಲನ್ ಬಿಟ್ಟರೂ ಎರರ್ ಬರುತ್ತದೆ. ಕೀಬೋರ್ಡ್ ಮೇಲೆ ಅಕ್ಷರ ಹುಡುಕುವ ಮಗುವಿಗೆ ಅದು ಶಿಕ್ಷೆ. ಹಾಗಾಗಿ ಬ್ಯಾಚ್ ಮಾಡುವಾಗ ಯಾವ ಕ್ಲಾಸು ಅಂತ ಕೇಳುವುದಕ್ಕಿಂತ ಟೈಪ್ ಮಾಡಲು ಬರುತ್ತಾ ಅಂತ ಕೇಳುವುದು ಜಾಸ್ತಿ ಉಪಯೋಗ. ಈ ಒಂದು ಪ್ರಶ್ನೆ ಫಾರಂನಲ್ಲಿ ಸೇರಿಸಿ ನೋಡಿ, ಕಲಿಸುವವರು ನಿಮಗೆ ಕೈ ಮುಗಿಯುತ್ತಾರೆ.

ಆ್ಯಪ್ ವಿಷಯಕ್ಕೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಎರಡು ವಾರದಲ್ಲಿ ಮಗು ಆ್ಯಪ್ ಮಾಡುತ್ತದೆ ಅಂತ ಫೋನಿನಲ್ಲಿ ಮಾತು ಕೊಡಿ ಅಂತ ಸಂಸ್ಥೆಯವರು ನಿಮಗೆ ಹೇಳಿಕೊಟ್ಟರೆ, ಅಲ್ಲಿಂದ ಎದ್ದು ಬನ್ನಿ. ಕೊನೆಯ ದಿನ ಅಪ್ಪಂದಿರು ಬಂದು ಬೈಯುವುದು ಸಂಸ್ಥೆಯ ಮಾಲೀಕರನ್ನಲ್ಲ, ಫೋನಿನಲ್ಲಿ ಮಾತಾಡಿದ ನಿಮ್ಮನ್ನು.

ಈಗ ಮುಖ್ಯ ವಿಷಯ. ಅಡ್ಮಿನ್ ಕೆಲಸ ಅಂದರೆ ಪಟ್ಟಿ. ಒಂದೇ ಒಂದು ಸರಿಯಾದ ಪಟ್ಟಿ. ಯಾವ ಮಗು, ಯಾವ ಬ್ಯಾಚ್, ದುಡ್ಡು ಬಂತಾ, ಯಾರು ಕರೆದುಕೊಂಡು ಹೋಗುತ್ತಾರೆ, ಏನು ತಿಂದರೆ ಆಗುವುದಿಲ್ಲ. ಕೇಳುವುದಕ್ಕೆ ಸುಲಭ. ಆದರೆ ಗೂಗಲ್ ಫಾರಂನಲ್ಲಿ ಒಂದೇ ಮಗುವನ್ನು ಅಪ್ಪ ಒಂದು ಸಲ, ಅಮ್ಮ ಒಂದು ಸಲ ತುಂಬಿರುತ್ತಾರೆ. ಅಪ್ಪ ಇನಿಷಿಯಲ್ ಹಿಂದೆ ಹಾಕಿದರೆ ಅಮ್ಮ ಮುಂದೆ ಹಾಕಿರುತ್ತಾರೆ. ಒಬ್ಬರು ಮನೆಯಲ್ಲಿ ಕರೆಯುವ ಹೆಸರನ್ನೇ ಬರೆದಿರುತ್ತಾರೆ, ಚಿಂಟು ಅಂತ. ಹುಟ್ಟಿದ ದಿನಾಂಕ ಕೇಳಿದರೆ ಶೀಟ್ ಕೆಲವನ್ನು ತಿಂಗಳು ಮೊದಲು, ಕೆಲವನ್ನು ದಿನ ಮೊದಲು ಅಂತ ಓದಿಕೊಂಡು ಏಪ್ರಿಲ್ 5ನ್ನು ಮೇ 4 ಮಾಡುತ್ತದೆ. ಇದನ್ನೆಲ್ಲ ಸರಿ ಮಾಡಿದ ಮೇಲೆ ಫೀಸ್ ವಿಷಯ ಬರುತ್ತದೆ. ಯುಪಿಐನಲ್ಲಿ ದುಡ್ಡು ಹಾಕಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಮಗು ಶ್ರೇಯಸ್, ದುಡ್ಡು ಬಂದಿರುವುದು ಯಾವುದೋ ಮಂಜುನಾಥ ಟ್ರೇಡರ್ಸ್ ಹೆಸರಿನಿಂದ, ಕೇಳಿದರೆ ಅವರ ಚಿಕ್ಕಪ್ಪನ ಅಂಗಡಿ. ಸ್ಕ್ರೀನ್‌ಶಾಟ್ ನಂಬಿಕೊಂಡು ಕೂರಬೇಡಿ. 12 ಅಂಕಿಯ ಯುಟಿಆರ್ ನಂಬರ್ (ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ) ತೆಗೆದುಕೊಂಡು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ. ಅದಕ್ಕೊಂದು ಕಾಲಂ ಮೊದಲ ದಿನವೇ ಇರಲಿ.

ಇನ್ನೊಂದು ಮಾತು, ಪಟ್ಟಿ ಒಂದೇ ಇರಬೇಕು. ಸರ್ ಲ್ಯಾಪ್‌ಟಾಪ್‌ನಲ್ಲಿ ಒಂದು, ರಿಸೆಪ್ಷನ್ ಡೈರಿಯಲ್ಲಿ ಒಂದು, ನಿಮ್ಮ ಫೋನಿನಲ್ಲಿ ಒಂದು ಅಂತಾದರೆ ಮೂರನೇ ದಿನಕ್ಕೆ ಯಾವುದು ಸರಿ ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಂಟರ್ನ್ ಆಗಿ ನೀವು ಜಗಳ ಮಾಡಬೇಕಾದ ವಿಷಯ ಏನಾದರೂ ಇದ್ದರೆ ಇದೇ.

ವಾಟ್ಸ್ಆ್ಯಪ್ ಗ್ರೂಪ್ ನಿಮ್ಮ ತಲೆಗೇ ಬರುತ್ತದೆ, ಅನುಮಾನವೇ ಬೇಡ. ಎಲ್ಲ ಪೋಷಕರನ್ನೂ ಒಂದು ಮಾಮೂಲಿ ಗ್ರೂಪ್‌ಗೆ ಹಾಕಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಒಬ್ಬರು ಎಲ್‌ಐಸಿ ಪಾಲಿಸಿ ಮೆಸೇಜ್ ಹಾಕುತ್ತಾರೆ, ಇನ್ನೊಬ್ಬರು ಗುಡ್ ಮಾರ್ನಿಂಗ್ ಗುಲಾಬಿ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ, ಉಳಿದವರು "ನಮಗೆ ಯಾರೂ ಹೇಳಲೇ ಇಲ್ಲ" ಅಂತ ಗೇಟಿನ ಹತ್ತಿರ ನಿಂತಿರುತ್ತಾರೆ. ಕಮ್ಯುನಿಟಿ ಮಾಡಿ ಅದರ ಅನೌನ್ಸ್‌ಮೆಂಟ್ ಗ್ರೂಪ್ ಬಳಸಿ. ಅಡ್ಮಿನ್‌ಗಳು ಮಾತ್ರ ಬರೆಯಬಹುದು, ಪೋಷಕರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಮತ್ತೆ, ನಿಮ್ಮ ಸ್ವಂತ ನಂಬರ್ ಕೊಡಬೇಡಿ. ಸಂಸ್ಥೆಯಿಂದ ಒಂದು ಸಿಮ್ ಕೇಳಿ. ಇಲ್ಲದಿದ್ದರೆ ದೀಪಾವಳಿಗೂ ನಿಮಗೇ ಫೋನ್ ಬರುತ್ತದೆ, ಕ್ರಿಸ್ಮಸ್ ರಜೆಗೆ ಕ್ಯಾಂಪ್ ಇದೆಯಾ ಅಂತ.

ಲ್ಯಾಬ್ ಕಡೆ ಕೆಲಸ ಸ್ವಲ್ಪವೇ, ಆದರೆ ಮುಂಚೆಯೇ ಮಾಡಿಟ್ಟಿರಬೇಕು. ಸ್ಕ್ರ್ಯಾಚ್‌ನಲ್ಲಿ ಟೀಚರ್ ಅಕೌಂಟ್ ಅಂತ ಇದೆ. ಅದಿದ್ದರೆ ಮಕ್ಕಳ ಅಕೌಂಟ್‌ಗಳನ್ನು ಒಂದು ಸಿಎಸ್‌ವಿ ಫೈಲ್‌ನಿಂದ (ಎಕ್ಸೆಲ್‌ನಿಂದ ಸೇವ್ ಮಾಡಬಹುದಾದ ಸಾದಾ ಪಟ್ಟಿ) ಒಟ್ಟಿಗೆ ಮಾಡಬಹುದು. ಆದರೆ ಅರ್ಜಿ ಹಾಕಿದ ತಕ್ಷಣ ಸಿಗುವುದಿಲ್ಲ, ಅವರು ಪರಿಶೀಲಿಸಿ ಕೊಡುತ್ತಾರೆ. ಕ್ಯಾಂಪ್ ದಿನ ಬೆಳಿಗ್ಗೆ ಕೂತರೆ ಆಗುವ ಕೆಲಸವಲ್ಲ. ಯೂಸರ್‌ನೇಮ್‌ಗೆ ಮಗುವಿನ ನಿಜವಾದ ಹೆಸರು ಹಾಕಬೇಡಿ. ಗೂಗಲ್ ಅಕೌಂಟ್ ಬೇಕಾಗುವ ಯಾವುದನ್ನಾದರೂ, ಉದಾಹರಣೆಗೆ ಬ್ರೌಸರ್‌ನಲ್ಲೇ ಪೈಥಾನ್ ಬರೆಯುವ ಕೊಲ್ಯಾಬ್, ಕಲಿಸುವವರು ಬಳಸುತ್ತೇವೆ ಅಂದರೆ ಮಕ್ಕಳ ವಯಸ್ಸು ನೋಡಿ. ನಮ್ಮ ದೇಶದಲ್ಲಿ 13 ಆಗದ ಮಕ್ಕಳು ತಾವೇ ಗೂಗಲ್ ಅಕೌಂಟ್ ತೆರೆಯುವ ಹಾಗಿಲ್ಲ. ಅಮ್ಮನ ಅಕೌಂಟಲ್ಲಿ ಲಾಗಿನ್ ಆಗಲಿ ಬಿಡಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ, ಅಮ್ಮನ ಮೇಲ್, ಫೋಟೋ ಎಲ್ಲವೂ ಲ್ಯಾಬಿನ ಕಂಪ್ಯೂಟರಿನಲ್ಲಿ ತೆರೆದುಕೊಂಡಿರುತ್ತದೆ. ಅದಕ್ಕಿಂತ ಸ್ಕ್ರ್ಯಾಚ್‌ನ ಆಫ್‌ಲೈನ್ ಆ್ಯಪ್, ಪೈಥಾನ್ ಬರೆಯಲು ಥಾನಿ ಅನ್ನೋ ಆ್ಯಪ್, ಇವೆರಡನ್ನು ಎಲ್ಲ ಕಂಪ್ಯೂಟರಿಗೂ ಹಾಕಿಸಿಬಿಡಿ. ಥಾನಿ ಜೊತೆ ಪೈಥಾನೂ ಬರುತ್ತದೆ, ಬೇರೆ ಹಾಕುವುದು ಬೇಡ. ನೆಟ್ ಹೋದರೂ ಕ್ಲಾಸ್ ನಡೆಯುತ್ತದೆ.

ಕರೆಂಟ್ ಹೋದರೆ ಮಾತ್ರ ಕಷ್ಟ. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಮಳೆ ಇದ್ದದ್ದೇ. ಕ್ಯಾಂಪ್‌ಗಳು ಸಾಮಾನ್ಯವಾಗಿ ಯಾವುದಾದರೂ ಸ್ಕೂಲಿನ ಲ್ಯಾಬನ್ನು ಬಾಡಿಗೆಗೆ ತೆಗೆದುಕೊಂಡಿರುತ್ತವೆ, ಮತ್ತು ಕೆಲವು ಲ್ಯಾಬ್‌ಗಳಲ್ಲಿ ಮಕ್ಕಳು ಏನೇ ಕಿತಾಪತಿ ಮಾಡಿದರೂ ರೀಸ್ಟಾರ್ಟ್ ಆದಾಗ ಎಲ್ಲ ಅಳಿಸಿ ಮೊದಲಿನ ಹಾಗೆ ಮಾಡುವ ಸಾಫ್ಟ್‌ವೇರ್ ಹಾಕಿರುತ್ತಾರೆ. ಎರಡನ್ನೂ ಕೂಡಿಸಿ ನೋಡಿ. ಕರೆಂಟ್ ಹೋಗಿ ಬಂತು, ವಾರದಿಂದ ಮಾಡಿದ ಗೇಮ್ ಮಾಯ, ಮಗು ಅಳುತ್ತಿದೆ. ದಿನಾ ಕ್ಲಾಸ್ ಮುಗಿಯುವ ಮುಂಚೆ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳುವುದನ್ನು ನಿಮ್ಮ ಕೆಲಸ ಅಂತಲೇ ಇಟ್ಟುಕೊಳ್ಳಿ. ಫೈಲಿಗೆ ಮಗುವಿನ ರೋಲ್ ನಂಬರ್ ಹಾಕಿಸಿ, ಇಲ್ಲದಿದ್ದರೆ ಎಲ್ಲದರ ಹೆಸರೂ ಸ್ಕ್ರ್ಯಾಚ್ ಪ್ರಾಜೆಕ್ಟ್ ಅಂತಲೇ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಜವಾಬ್ದಾರಿಯ ಜಾಗ ಗೇಟು. ಇದನ್ನು ಯಾವ ಇಂಟರ್ನ್‌ಶಿಪ್ ಜಾಹೀರಾತಿನಲ್ಲೂ ಬರೆದಿರುವುದಿಲ್ಲ. ಕ್ಲಾಸ್ ಬಿಟ್ಟ ಕೂಡಲೇ ಮಕ್ಕಳೆಲ್ಲ ಒಟ್ಟಿಗೆ ಹೊರಗೆ ಬರುತ್ತಾರೆ, ಸ್ಕೂಟರ್‌ಗಳು ರಸ್ತೆಯವರೆಗೂ ನಿಂತಿರುತ್ತವೆ, ಮದುವೆ ಮನೆಯ ಊಟದ ಹಾಲ್ ಬಾಗಿಲಿನಂಥ ನೂಕುನುಗ್ಗಲು. ಆಗ ಯಾರೋ ಒಬ್ಬರು ಬಂದು "ನಾನು ಅವಳ ಮಾವ, ಅಕ್ಕ ಕಳಿಸಿದಾರೆ" ಅನ್ನುತ್ತಾರೆ. ಮಗು ಕೂಡ ಮಾಮಾ ಅಂತ ಓಡುತ್ತದೆ. ನಿಜವಾದ ಮಾವನೇ ಆಗಿರುತ್ತಾರೆ ಬಿಡಿ. ಆದರೂ ಫಾರಂನಲ್ಲಿ ಬರೆದ ಇಬ್ಬರು ದೊಡ್ಡವರಲ್ಲಿ ಒಬ್ಬರಲ್ಲದಿದ್ದರೆ ಅಮ್ಮನಿಗೆ ಫೋನ್ ಮಾಡಿ ಕೇಳದೆ ಕಳಿಸಬಾರದು, ಅವರು ಎಷ್ಟೇ ಸಿಟ್ಟಾಗಲಿ. ಆಟೋದಲ್ಲಿ ಬರುವ ಮಕ್ಕಳಿದ್ದರೆ ಆಟೋ ಅಣ್ಣನ ಹೆಸರು, ಗಾಡಿ ನಂಬರ್ ಪಟ್ಟಿಯಲ್ಲಿರಲಿ. ಸೈಕಲ್‌ನಲ್ಲಿ ಒಬ್ಬರೇ ಹೋಗುವ ದೊಡ್ಡ ಮಕ್ಕಳಿಗೆ ಪೋಷಕರ ಸಹಿ ಇರುವ ಒಂದು ಚೀಟಿ. ಮಕ್ಕಳ ಜೊತೆ ಮುಚ್ಚಿದ ಕೋಣೆಯಲ್ಲಿ ದೊಡ್ಡವರು ಒಬ್ಬರೇ ಇರಬಾರದು ಅನ್ನುವ ನಿಯಮ ಆ ಸಂಸ್ಥೆಯಲ್ಲಿದೆಯಾ ಅಂತ ಇಂಟರ್‌ವ್ಯೂನಲ್ಲೇ ಕೇಳಿ. ಅವರು ಮುಖ ಸಿಂಡರಿಸಿದರೆ ನಿಮಗೆ ಉತ್ತರ ಸಿಕ್ಕಿತು. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಇರಬೇಕು, ಅದನ್ನು ಅಂಟಿಸುವುದಕ್ಕೆ ಯಾರ ಅನುಮತಿಯೂ ಬೇಡ.

ಫೋಟೋ ವಿಷಯವೂ ಇದಕ್ಕೇ ಸೇರುತ್ತದೆ. ಇನ್‌ಸ್ಟಾಗ್ರಾಂಗೆ ದಿನಾ ಮಕ್ಕಳ ಫೋಟೋ ಹಾಕು ಅಂತ ಇಂಟರ್ನ್‌ಗೇ ಹೇಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೂ ಹೋಗಬಹುದು. ಚಿಕ್ಕ ಕ್ಯಾಂಪ್‌ಗೆ ಅಷ್ಟು ಹಾಕಲಿಕ್ಕಿಲ್ಲ, ಆದರೆ ಈ ಅಂಕಿ ಹೇಳಿದರೆ ಮಾಲೀಕರು ಕಿವಿ ಕೊಡುತ್ತಾರೆ, ಅದು ನನ್ನ ಅನುಭವ. ಫಾರಂನಲ್ಲಿ ಫೋಟೋಗೆ ಬೇರೆಯದೇ ಒಂದು ಪ್ರಶ್ನೆ ಇಡಿ. ಬೇಡ ಅಂದವರ ಮಕ್ಕಳ ಐಡಿ ಕಾರ್ಡಿಗೆ ಬೇರೆ ಬಣ್ಣದ ದಾರ ಕಟ್ಟಿ, ಫೋಟೋ ತೆಗೆಯುವವರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಹಾಜರಿ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಗಾಬರಿಯಾಗಬೇಡಿ. ಮೊದಲ ವಾರ ಇದ್ದಷ್ಟು ಮಕ್ಕಳು ಕೊನೆಗೆ ಇರುವುದಿಲ್ಲ. ಮದುವೆ, ಜಾತ್ರೆ, ಅಜ್ಜಿ ಮನೆ. ಮೈಸೂರಲ್ಲಂತೂ ಅದೇ ಹೊತ್ತಿಗೆ ರಂಗಾಯಣದ ಚಿಣ್ಣರ ಮೇಳ (ಮಕ್ಕಳ ರಂಗ ಶಿಬಿರ) ಇರುತ್ತದೆ, ಎರಡಕ್ಕೂ ಸೇರಿಸಿದ ಅಮ್ಮಂದಿರು ಇರುತ್ತಾರೆ. ಮಗು ಅಲ್ಲಿ ಕುಣಿದು ಸುಸ್ತಾಗಿ ಇಲ್ಲಿ ಬಂದು ಕೀಬೋರ್ಡ್ ಮೇಲೆ ಮಲಗುತ್ತದೆ. (ಎರಡರಲ್ಲಿ ಒಂದನ್ನೇ ಆರಿಸು ಅಂದರೆ ಹತ್ತು ವರ್ಷದ ಮಗುವಿಗೆ ನಾನು ಚಿಣ್ಣರ ಮೇಳ ಅಂತಲೇ ಹೇಳುತ್ತೇನೆ, ಕೋಡಿಂಗ್ ಕ್ಯಾಂಪ್‌ನವರು ಬೈದುಕೊಳ್ಳಲಿ.) ರಾಜ್ಯ ಪಠ್ಯಕ್ರಮದ ಶಾಲೆಗಳ ರಜೆಗೂ ಸಿಬಿಎಸ್‌ಇ ಶಾಲೆಗಳ ರಜೆಗೂ ಹೊಂದಾಣಿಕೆ ಇರುವುದಿಲ್ಲ, ಸುಮಾರು ಸಿಬಿಎಸ್‌ಇ ಶಾಲೆಗಳಲ್ಲಿ ಏಪ್ರಿಲ್‌ನಲ್ಲಿ ಹೊಸ ವರ್ಷದ ಪಾಠ ಶುರುವಾಗಿರುತ್ತದೆ. ಬ್ಯಾಚಿನ ದಿನಾಂಕ ಗೊತ್ತು ಮಾಡುವ ಮುಂಚೆ ನಿಮ್ಮ ಏರಿಯಾದ ನಾಲ್ಕೈದು ಶಾಲೆಗಳ ಕ್ಯಾಲೆಂಡರ್ ಕೇಳಿ ತನ್ನಿ. ಪಿಯು ಮಕ್ಕಳ ಬ್ಯಾಚ್ ಇದ್ದರೆ ಸಿಇಟಿ ಮುಗಿದ ಮೇಲೇ ಇಡಿ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಹತ್ತನೇ ಕ್ಲಾಸ್ ಮುಗಿಸಿದವರು ಯಾರೂ ಬರುವುದಿಲ್ಲ, ಕಾಲೇಜು ಅಡ್ಮಿಷನ್‌ಗೆ ಓಡಾಡುತ್ತಿರುತ್ತಾರೆ.

ಸರ್ಟಿಫಿಕೇಟ್‌ನಲ್ಲಿ ಹೆಸರು ತಪ್ಪಾದರೆ ಅದಕ್ಕಿಂತ ದೊಡ್ಡ ಜಗಳ ಇನ್ನೊಂದಿಲ್ಲ. ಪ್ರಿಂಟ್‌ಗೆ ಮುಂಚೆ ಪ್ರತಿ ಪೋಷಕರಿಗೂ ಅವರ ಮಗುವಿನ ಹೆಸರು ಕಳಿಸಿ ಸರಿ ಇದೆ ಅಂತ ಬರೆಸಿಕೊಳ್ಳಿ.

ನಿಮ್ಮ ಲಾಭದ ಮಾತಿಗೆ ಬರುತ್ತೇನೆ. ಸ್ಟೈಪೆಂಡ್ ಎಷ್ಟು, ಯಾವ ದಿನ ಕೊಡುತ್ತಾರೆ ಅನ್ನೋದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಸಾಲದು. ಇಂಟರ್ನ್‌ಶಿಪ್ ಮಾಡಲು ನೀವೇ ದುಡ್ಡು ಕಟ್ಟಬೇಕು ಅಂದರೆ ಅದು ಕೆಲಸವಲ್ಲ, ನೀವೇ ಅವರ ಗಿರಾಕಿ. ಕಾಲೇಜಿನಲ್ಲಿ ಇದನ್ನು ಇಂಟರ್ನ್‌ಶಿಪ್ ಅಂತ ಒಪ್ಪುತ್ತಾರಾ ಅಂತ ಸೇರುವ ಮುಂಚೆ ಎಚ್‌ಒಡಿ ಹತ್ತಿರ ಕೇಳಿ. ಇಂಜಿನಿಯರಿಂಗ್ ಓದುವವರು ಯಾರಾದರೂ ಇದನ್ನು ಓದುತ್ತಿದ್ದರೆ, ವಿಟಿಯುನ ಆಕ್ಟಿವಿಟಿ ಪಾಯಿಂಟ್ ಬೇರೆ, ಇಂಟರ್ನ್‌ಶಿಪ್ ಬೇರೆ, ಎರಡನ್ನೂ ಕಲಸಿಕೊಳ್ಳಬೇಡಿ. ಮತ್ತೆ ರೆಸ್ಯೂಮೆಯಲ್ಲಿ "ಅಡ್ಮಿನ್ ಕೆಲಸ ನೋಡಿಕೊಂಡೆ" ಅಂತ ಬರೆದರೆ ಯಾರೂ ಎರಡನೇ ಸಲ ನೋಡುವುದಿಲ್ಲ. ಎಷ್ಟು ಮಕ್ಕಳ ನೋಂದಣಿ, ಎಷ್ಟು ಬ್ಯಾಚ್, ಫೀಸ್ ತಾಳೆ ನೋಡುವುದಕ್ಕೆ ಏನು ವ್ಯವಸ್ಥೆ ಮಾಡಿದಿರಿ ಅಂತ ಬರೆಯಿರಿ. ನಾನು ಆರಿಸುವ ಕಡೆ ಕೂತಿದ್ದಾಗ ಹುಡುಕುತ್ತಿದ್ದದ್ದು ಇದನ್ನೇ.

ಮಕ್ಕಳ ಗಲಾಟೆ ಅಂದರೆ ತಲೆನೋವು ಬರುವವರಿಗೆ, ಫೋನಿನಲ್ಲಿ ಒಂದೇ ಉತ್ತರವನ್ನು ದಿನವಿಡೀ ನಗುತ್ತಾ ಹೇಳಲು ಆಗದವರಿಗೆ ಈ ಕೆಲಸ ಬೇಡ. ನಿಮಗೆ ಇದು ಸರಿ ಅನ್ನಿಸಿದರೆ ಫೆಬ್ರವರಿ ಕೊನೆಯೊಳಗೆ ಅವರನ್ನು ಹೋಗಿ ನೋಡಿ, ಏಪ್ರಿಲ್‌ನಲ್ಲಿ ಸೇರಿದವರಿಗೆ ಉಳಿಯುವುದು ಜೆರಾಕ್ಸ್ ಕೆಲಸವೇ. ಇಂಟರ್‌ವ್ಯೂನಲ್ಲಿ ಎಕ್ಸೆಲ್ ಬರುತ್ತಾ ಅಂತ ಕೇಳಿಯೇ ಕೇಳುತ್ತಾರೆ. ವಿ-ಲುಕಪ್ (VLOOKUP, ಒಂದು ಪಟ್ಟಿಯ ಮಾಹಿತಿಯನ್ನು ಇನ್ನೊಂದರಿಂದ ಹುಡುಕಿ ತರುವುದು), ಡೂಪ್ಲಿಕೇಟ್ ಹುಡುಕಿ ತೆಗೆಯುವುದು, ಮೇಲ್ ಮರ್ಜ್ (ಒಂದೇ ಪತ್ರಕ್ಕೆ ಪ್ರತಿಯೊಬ್ಬರ ಹೆಸರು ತಾನಾಗಿ ಸೇರಿಸುವುದು), ಇವು ಮೂರನ್ನು ಈಗಲೇ ಕಲಿತುಕೊಳ್ಳಿ, ಯೂಟ್ಯೂಬ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ.