ಹುಡುಗನ ದನಿ ಒಡೀತು, ಅಪ್ಪ ಸೋಂಬೇರಿ ಅಂದ್ರು

ಮನೆಯವರನ್ನ ಕೇಳಿಯೇ ಬರೀತಿದೀನಿ, ಗುರುತು ಸಿಗದ ಹಾಗೆ ಒಂದಿಷ್ಟು ಬದಲಾಯಿಸಿದೀನಿ. ಹಾಸನದ ಕಡೆಯ ಹುಡುಗ, 13 ವರ್ಷ 7 ತಿಂಗಳು. ಎರಡು ವರ್ಷದ ಹಿಂದೆ ಟೀವಿ ಸಿಂಗಿಂಗ್ ಶೋಗೆ ಹೋಗಿ ಬಂದಿದ್ದ, ಆಮೇಲೆ ಜಾತ್ರೆ, ರಾಜ್ಯೋತ್ಸವ, ಗಣಪತಿ ಪೆಂಡಾಲು ಅಂತ ರಸಮಂಜರಿ ಒಂದೂ ಬಿಟ್ಟಿಲ್ಲ, ಈಗ ಸೀರಿಯಲ್ ಒಂದ್ರಲ್ಲಿ ಹೀರೋ ತಮ್ಮನ ಪಾತ್ರನೂ ಸಿಕ್ಕಿದೆ. ಅಪ್ಪ ಅವನನ್ನ ನನ್ನ ಹತ್ರ ಆಪ್ತಸಲಹೆಗೆ ಅಂತ ಕರ್ಕೊಂಡು ಬಂದವರೇ, "ಮೇಡಂ, ಇವನಿಗೆ ಸೋಂಬೇರಿತನ ಹತ್ತಿದೆ, ಹಾಡು ಅಂದ್ರೆ ರೂಮ್ ಬಾಗ್ಲು ಹಾಕ್ಕೋತಾನೆ, ಹಬ್ಬಕ್ಕೆ ಏಳು ಕಡೆ ಅಡ್ವಾನ್ಸ್ ತಗೊಂಡಿದೀನಿ" ಅಂದ್ರು. ಪ್ರೋಗ್ರಾಂಗೆ ಓಡಾಡೋಕೆ ಅಂತ ಕಾರು ಬೇರೆ ಸಾಲ ಮಾಡಿ ತಗೊಂಡಿದಾರೆ.

ಅಪ್ಪನ್ನ ಹೊರಗೆ ಕೂರಿಸಿದೆ. ಹುಡುಗ ಸುಮಾರು ಹೊತ್ತು ಬಾಯೇ ಬಿಡಲಿಲ್ಲ, ಬಿಟ್ಟಾಗ ನಂಗೇ ಗೊತ್ತಾಯ್ತು, ಮಾತಿನ ಮಧ್ಯೆ ದನಿ ಕೀಚಲಾಗಿ ಹೋಗಿ ದಪ್ಪಗೆ ಬಿತ್ತು, ತಕ್ಷಣ ಬಾಯಿಗೆ ಕೈ ಅಡ್ಡ ಇಟ್ಕೊಂಡ. ಒಂದು ಸ್ಟೇಜಲ್ಲಿ ಮೇಲಿನ ಷಡ್ಜಕ್ಕೆ, ಅಂದ್ರೆ ಎತ್ತರದ 'ಸ'ಗೆ ಹೋದಾಗ ಹಿಂಗೇ ಆಗಿ ಮುಂದಿನ ಸಾಲಲ್ಲಿ ಕೂತವರು ನಕ್ಕಿದಾರೆ, ಯಾರೋ ಅದನ್ನ ರೀಲ್ಸ್ ಮಾಡಿ ಹಾಕಿದಾರೆ. ಆವತ್ತಿಂದ ಹಳೇ ರೆಕಾರ್ಡಿಂಗ್ ಪ್ಲೇ ಮಾಡಿಸಿ ಬರೀ ತುಟಿ ಆಡಿಸ್ತಾ ಇದಾನಂತೆ! ಕೀಬೋರ್ಡ್ ಅಣ್ಣನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. "ಆಂಟಿ, ಚಪ್ಪಾಳೆ ಹೊಡೆದಾಗ ಕಳ್ಳತನ ಮಾಡ್ದಂಗೆ ಅನ್ಸುತ್ತೆ" ಅಂದ.

ಅವನು ಒಪ್ಪಿದ ಮೇಲೇ ಅಪ್ಪನ್ನ ಒಳಗೆ ಕರೆದೆ. ಅವರಿಗೆ ಹೇಳಿದ್ದು ಇಷ್ಟು: ಈ ವಯಸ್ಸಲ್ಲಿ ಗಂಡುಮಕ್ಕಳ ಧ್ವನಿಪೆಟ್ಟಿಗೆ ಬೆಳೆದು ಸ್ವರತಂತು ಉದ್ದ ದಪ್ಪ ಆಗುತ್ತೆ, ದನಿ ಹತ್ತಿರ ಹತ್ತಿರ ಒಂದು ಸ್ಥಾಯಿ (ಒಂದು 'ಸ'ದಿಂದ ಇನ್ನೊಂದು 'ಸ'ವರೆಗಿನಷ್ಟು) ಕೆಳಗಿಳಿಯುತ್ತೆ, ಅದು ಒಂದು ಕಡೆ ನಿಲ್ಲೋಕೆ ತಿಂಗಳುಗಟ್ಟಲೆ ಬೇಕು. ಹಳೇ ಎತ್ತರದ ಶ್ರುತಿಲೇ (ಐದೂವರೆ ಮನೆ) ಕಿರುಚಿಸಿದ್ರೆ ತಂತುಗಳಿಗೆ ಪೆಟ್ಟು ಬೀಳಬಹುದು. ಅಭ್ಯಾಸ ನಿಲ್ಲಿಸೋದು ಬೇಡ, ಸಂಗೀತದ ಮೇಷ್ಟ್ರು ಶ್ರುತಿ ಇಳಿಸಿ ಮೆತ್ತಗೆ ಹಾಡಿಸಲಿ, ಸದ್ಯಕ್ಕೆ ಸ್ಟೇಜ್ ಬೇಡ, ಒಮ್ಮೆ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ, ಮೈಸೂರಿನ ಆಯಿಷ್‌ನಲ್ಲಿ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ದನಿಗೇ ಅಂತ ಚಿಕಿತ್ಸೆ ಕೊಡೋರಿದಾರೆ ಅಂದೆ. ತುಟಿ ಆಡಿಸೋ ವಿಷಯ ಹುಡುಗ ತಾನೇ ಹೇಳಿದ. ಅಪ್ಪ ಬೈತಾರೆ ಅಂದ್ಕೊಂಡಿದ್ದೆ, ಪಾಪ ಅವರು "ನಂಗ್ಯಾಕೆ ಹೇಳ್ಲಿಲ್ವೋ" ಅಂತ ಸುಮ್ನಾಗ್ಬಿಟ್ರು.

ಸೀರಿಯಲ್ ಬಿಡಿಸಿ ಅಂತ ನಾನು ಹೇಳಲಿಲ್ಲ, ಆಕ್ಟಿಂಗ್ ಅವನಿಗೆ ನಿಜವಾಗ್ಲೂ ಇಷ್ಟ. ಆದ್ರೆ ಶೂಟಿಂಗ್ ರಾತ್ರಿ ಹತ್ತು ದಾಟುತ್ತೆ ಅಂದಾಗ ಸುಮ್ನಿರಕ್ಕಾಗಲಿಲ್ಲ. ಬಾಲಕಾರ್ಮಿಕ ನಿಯಮಗಳಿಗೆ 2017ರಲ್ಲಿ ಆದ ತಿದ್ದುಪಡಿ ಪ್ರಕಾರ 14 ತುಂಬದ ಕಲಾವಿದರನ್ನ ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸೋ ಹಾಗಿಲ್ಲ, ರೆಸ್ಟ್ ಇಲ್ಲದೆ 3 ಗಂಟೆ ಮೀರಂಗಿಲ್ಲ, ನಿರ್ಮಾಪಕರು ಜಿಲ್ಲಾಧಿಕಾರಿ ಪರ್ಮಿಷನ್ ತಗೋಬೇಕು, ಮಗು ದುಡಿದಿದ್ರಲ್ಲಿ ಕನಿಷ್ಠ ಶೇ. 20 ಅದರ ಹೆಸರಲ್ಲೇ ಎಫ್‌ಡಿ ಆಗ್ಬೇಕು. ಅಪ್ಪನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಇನ್ನೈದು ತಿಂಗಳಿಗೆ 14 ತುಂಬುತ್ತೆ ಅಂತ ಲೆಕ್ಕ ಹಾಕೋಕೆ ಹೋದ್ರು, ಆಮೇಲೂ ಮನೇಲಿ ಇದೇ ಲೆಕ್ಕ ಇಟ್ಕೊಳ್ಳಿ ಸರ್ ಅಂದೆ.

ಏಳರಲ್ಲಿ ಐದು ಕಡೆ ಅಡ್ವಾನ್ಸ್ ವಾಪಸ್ ಕೊಟ್ಟಿದಾರೆ. ಉಳಿದೆರಡು ಕಡೆ ಹುಡುಗ ಹಾಡಲ್ಲ, ನಿರೂಪಣೆ ಮಾಡ್ತಾನಂತೆ. ಬ್ಯಾನರಲ್ಲಿ "ಪುಟಾಣಿ ಗಾಯಕ" ಅಂತ ಹಾಕ್ಬೇಡಿ ಅಂತ ಅವನದೊಂದು ಕಂಡೀಷನ್ನು, ಆದ್ರೆ ಅಷ್ಟೊತ್ತಿಗೆ ಫ್ಲೆಕ್ಸ್ ಪ್ರಿಂಟ್ ಆಗಿಬಿಟ್ಟಿತ್ತು.